ಸ್ಲೀವ್ ಆದ ಮೇಲೆ ತೂಕ ಮರಳಿದಾಗ: ಶೇಕ್, ಆರು ಹೊತ್ತು, ಮೂರು ಹೊತ್ತು

ತೂಕ ಇಳಿಸಲು ಮಾಡುವ ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಶೇಕಡಾ 75ರಿಂದ 80 ಭಾಗ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಅದಕ್ಕೇ ಮೊದಲ ವರ್ಷ ತೂಕ ಸರಸರ ಇಳಿಯುತ್ತದೆ. ಆಮೇಲೆ ಉಳಿದ ಜಠರ ನಿಧಾನಕ್ಕೆ ಹಿಗ್ಗುತ್ತದೆ, ಹಸಿವೂ ಮರಳುತ್ತದೆ. ನನಗೂ ಹಾಗೇ ಆಯಿತು. ತುಂಬಾ ಜನಕ್ಕೆ ಆಗುತ್ತದೆ, ನಾಚಿಕೊಂಡು ಮುಚ್ಚಿಡುವ ವಿಷಯ ಅಲ್ಲವೇ ಅಲ್ಲ. ಇಲ್ಲಿ ಗಂಗಾವತಿಯಲ್ಲಿ, ಮನೆ ತುಂಬಾ ಸೋನಾ ಮಸೂರಿ ಇರುವ ಊರಲ್ಲಿ, ಊಟವನ್ನು ಮತ್ತೆ ಹಳಿಗೆ ತರಲು ಮೂರು ದಾರಿ ನೋಡಿದೆ.

ಮೊದಲನೆಯದು ಬರೀ ಪ್ರೋಟೀನ್ ಶೇಕ್. ಕೆಲವು ದಿನ ದ್ರವದ ಮೇಲಿದ್ದರೆ ಹಿಗ್ಗಿದ ಜಠರ ಮತ್ತೆ ಚಿಕ್ಕದಾಗುತ್ತದೆ ಅಂತ ಹೇಳುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಕಾಟಾದಲ್ಲಿ ತೂಕ ಬೇಗ ಇಳಿದಿದ್ದು ನಿಜ, ಆದರೆ ಅದರಲ್ಲಿ ಬಹಳಷ್ಟು ನೀರು. ಅನ್ನ ಮುಟ್ಟಿದ ಕೂಡಲೇ ವಾಪಸ್ ಬಂತು. ದ್ರವ ಜಠರದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ದಿನವಿಡೀ ಹಸಿವು. ಮಲಬದ್ಧತೆ ಬೇರೆ. ಖರ್ಚಂತೂ ಕಾಳು, ಮೊಟ್ಟೆಗಿಂತ ಎಷ್ಟೋ ಪಟ್ಟು ಜಾಸ್ತಿ. ಅವಸರದ ಬೆಳಿಗ್ಗೆಗೆ ಒಂದು ಲೋಟ ಸರಿ, ಅಷ್ಟೇ.

ಎರಡನೆಯದು ಆರು ಹೊತ್ತು ಚೂರು ಚೂರು ತಿನ್ನುವುದು. ಆಪರೇಷನ್ ಆದ ಹೊಸತರಲ್ಲಿ ಇದೇ ಸರಿ, ಯಾಕೆಂದರೆ ಆಗ ನಾಲ್ಕು ಚಮಚ ಕೂಡ ಹಿಡಿಸುವುದಿಲ್ಲ. ವರ್ಷಗಳು ಕಳೆದ ಮೇಲೆ ಕಥೆ ಬೇರೆ. ನಮ್ಮ ಕಡೆ ಚೂರು ಚೂರು ಅಂದರೆ ಕೈಗೆ ಸಿಗುವುದೇನು? ಒಗ್ಗರಣೆ ಮಂಡಕ್ಕಿ, ಚೂಡಾ, ಚಹಾದಲ್ಲಿ ಅದ್ದಿದ ರಸ್ಕು, ಒಂದಿಷ್ಟು ಮೊಸರನ್ನ. ಇವೆಲ್ಲ ಮೆತ್ತಗಾಗಿ ಜಾರಿಹೋಗುವ ತಿಂಡಿಗಳು. ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ, ಸಂಜೆ ಲೆಕ್ಕ ಹಾಕಿದರೆ ಒಂದು ದೊಡ್ಡ ಊಟಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ.

ನನಗೆ ಹಿಡಿಸಿದ್ದು ಮೂರನೆಯದು. ಮೂರೇ ಹೊತ್ತು, ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ರೊಟ್ಟಿ ಅಥವಾ ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 12 ಗ್ರಾಂ, ಒಂದು ಬಟ್ಟಲು ಬೇಯಿಸಿದ ಹೆಸರುಕಾಳಿನಲ್ಲಿ ಸುಮಾರು 14. ಮೊಳಕೆ ಕಟ್ಟಿದ ಮಡಿಕೆ ಕಾಳಿನ ಪಲ್ಯ, ಪುಂಡಿ ಪಲ್ಯ, ಚಿಕನ್ ಇದ್ದ ದಿನ ಚಿಕನ್. ನಮ್ಮ ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ, ಬದಲಾಗಬೇಕಿರುವುದು ತಿನ್ನುವ ಕ್ರಮ ಮಾತ್ರ.

ರೊಟ್ಟಿಯೋ ಅನ್ನವೋ ಅನ್ನುವುದನ್ನೂ ನೋಡಿದೆ. ಜೋಳದಲ್ಲಿ ಜಾದೂ ಏನಿಲ್ಲ, ತೂಕಕ್ಕೆ ತೂಕ ಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ರೊಟ್ಟಿಯನ್ನು ಅಗಿಯಲೇಬೇಕು. ಗಟ್ಟಿ ಕಾಳಿನ ಜೊತೆ ಅರ್ಧ ರೊಟ್ಟಿಗೆ ನನಗೆ ಸಾಕಾಗುತ್ತದೆ. ಅದೇ ತಿಳಿ ಸಾರು ಕಲಸಿದ ಅನ್ನ ಎಷ್ಟು ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಕಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿದರೆ ಅದೂ ಅನ್ನದ ಹಾಗೇ ಜಾರುತ್ತದೆ, ನೆನಪಿರಲಿ. ಶೇಂಗಾ ಚಟ್ನಿ ಪುಡಿ ಒಂದು ಚಮಚಕ್ಕೆ ನಿಲ್ಲಲಿ.

ಈ ದಾರಿಯಲ್ಲಿ ಕಷ್ಟ ಎರಡು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಊಟ ಆದ ಮೇಲೂ ಅರ್ಧ ಗಂಟೆ ಕಾಯಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಇದು ಸುಲಭ ಅಲ್ಲ, ಹಾಗಾಗಿ ಊಟಗಳ ನಡುವೆ ನೀರು, ತೆಳು ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಇನ್ನೊಂದು, ಮನೆಯವರ ಪ್ರೀತಿ. "ಇಷ್ಟ ಉಂಡ್ರ ಹೆಂಗವ್ವಾ, ಇನ್ನೊಂದ್ ರೊಟ್ಟಿ ಹಾಕ್ಕೋ" ಅಂತ ಅತ್ತೆ ಬಿಡುವುದಿಲ್ಲ. ಅವರಿಗೆ ಕಾಳಿನ ಪಲ್ಯವನ್ನೇ ಇನ್ನೊಂದು ಸೌಟು ಬಡಿಸಲು ಹೇಳಿದ್ದೇನೆ. ಬಡಿಸಿದ ಸಮಾಧಾನ ಅವರಿಗೆ, ನನಗೂ ನಷ್ಟ ಇಲ್ಲ.

ಯಾವ ದಾರಿ ಹಿಡಿದರೂ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳನ್ನು ಬಿಡಬೇಡಿ, ಡಾಕ್ಟರ್ ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿ. ಪದೇ ಪದೇ ವಾಂತಿ ಬಂದರೆ ಅಥವಾ ಎದೆಯುರಿ ಜಾಸ್ತಿಯಾದರೆ ಈ ಪ್ರಯೋಗಗಳನ್ನೆಲ್ಲ ನಿಲ್ಲಿಸಿ ಮೊದಲು ಸರ್ಜನ್ ಹತ್ತಿರ ಹೋಗಿ.