ಡಿಸ್ನಿ ವರ್ಲ್ಡ್‌ನಲ್ಲಿ ಮಕ್ಕಳ ಜೊತೆ ಉಳಿಯಲು: ಕಂಟೆಂಪರರಿ, ಪಾಪ್ ಸೆಂಚುರಿ, ಇಲ್ಲವೇ ಹೊರಗಿನ ಬಾಡಿಗೆ ಮನೆ?

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟವರು ಹೋಟೆಲ್ ಹುಡುಕುವಾಗ ಕೋಣೆಯ ಫೋಟೊ ನೋಡುತ್ತಾರೆ, ಈಜುಕೊಳ ನೋಡುತ್ತಾರೆ, ಆಮೇಲೆ ಬಾಡಿಗೆ ನೋಡುತ್ತಾರೆ. ಮಕ್ಕಳಿದ್ದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ಪಾರ್ಕಿನ ಗೇಟಿನಿಂದ ಹಾಸಿಗೆಯವರೆಗೆ ಎಷ್ಟು ಸಲ ಹತ್ತಿ ಇಳಿಯಬೇಕು? ಮಧ್ಯಾಹ್ನ ಬಿಸಿಲಿಗೆ ಬಾಡಿದ ಮಗುವನ್ನು ಮಲಗಿಸಲು ವಾಪಸ್ ಬರುವ ಹೊತ್ತು ಒಂದು, ರಾತ್ರಿ ಸಿಡಿಮದ್ದಿನ ಪ್ರದರ್ಶನ ಮುಗಿದ ಮೇಲೆ ನಿದ್ದೆಗೆ ಜಾರಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಡುವ ಹೊತ್ತು ಇನ್ನೊಂದು. ಕೊಟ್ಟ ದುಡ್ಡು ಸಾರ್ಥಕವೋ ಅಲ್ಲವೋ ಎಂದು ತಿಳಿಯುವುದು ಈ ಎರಡು ಹೊತ್ತಿನಲ್ಲೇ.

ಜಾಗ ಎಷ್ಟು ದೊಡ್ಡದು ಎಂಬುದು ಮನಸ್ಸಿನಲ್ಲಿರಲಿ. ಸುಮಾರು 100 ಚದರ ಕಿಲೋಮೀಟರಿನಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕ್‌ಗಳು ಹರಡಿಕೊಂಡಿವೆ. ‘ಡಿಸ್ನಿ ಒಳಗಿನ ಹೋಟೆಲ್’ ಎಂದ ಮಾತ್ರಕ್ಕೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ ಎಂದು ತಿಳಿಯಬೇಡಿ. ನಾವು ಮಕ್ಕಳೊಂದಿಗೆ ಉಳಿದು ನೋಡಿದ ಮೂರು ಬಗೆಗಳನ್ನು ಇಲ್ಲಿ ಎದುರುಬದುರು ಇಟ್ಟಿದ್ದೇವೆ: ಡಿಸ್ನಿಯದೇ ಹೋಟೆಲ್‌ಗಳಾದ ಡೀಲಕ್ಸ್ (ದುಬಾರಿ) ವರ್ಗದ ಕಂಟೆಂಪರರಿ, ವ್ಯಾಲ್ಯೂ (ಅಗ್ಗದ) ವರ್ಗದ ಪಾಪ್ ಸೆಂಚುರಿ, ಮತ್ತು ಡಿಸ್ನಿಯ ಹೊರಗೆ ಕಿಸ್ಸಿಮೀ ಊರಿನ ಕಡೆಯ ಅಡುಗೆಮನೆ, ಈಜುಕೊಳ ಇರುವ ಬಾಡಿಗೆ ಮನೆ. ಬಾಡಿಗೆ ದಿನದಿನಕ್ಕೂ ಬದಲಾಗುತ್ತದೆ. ಆದರೂ ಒಂದೇ ದಿನಾಂಕಕ್ಕೆ ಕಂಟೆಂಪರರಿಯ ಕೋಣೆ ಪಾಪ್ ಸೆಂಚುರಿಯ ಹೆಚ್ಚೂಕಡಿಮೆ ಮೂರು ಪಟ್ಟು ಇರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು.

ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗುವ ದಿನ

ಚಿಕ್ಕ ಮಕ್ಕಳ ಪಾರ್ಕ್ ಎಂದರೆ ಮುಖ್ಯವಾಗಿ ಇದೇ. ಮೂರು ವಸತಿಗಳ ನಡುವಿನ ಅಂತರ ಕಣ್ಣಿಗೆ ಹೊಡೆದು ಕಾಣುವುದೂ ಇಲ್ಲೇ.

ಕಂಟೆಂಪರರಿಯಿಂದ ಗೇಟಿಗೆ ಕಾಲುದಾರಿ ಇದೆ. ದೊಡ್ಡವರ ನಡಿಗೆಗೆ 10 ನಿಮಿಷ, ಪುಟ್ಟ ಮಗು ತಾನೇ ನಡೆಯುತ್ತೇನೆ ಎಂದು ಹಟ ಹಿಡಿದರೆ 15. ಹೋಟೆಲಿನ ಒಳಗೇ ಮೋನೊರೈಲ್ ನಿಲ್ದಾಣವಿದ್ದರೂ ಬೆಳಿಗ್ಗೆ ಅದನ್ನು ಹತ್ತಬೇಡಿ. ಹೋಟೆಲ್‌ಗಳ ಮೋನೊರೈಲ್ ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಕಂಟೆಂಪರರಿ ಬಿಟ್ಟ ಮೇಲೆ ಟ್ರಾನ್ಸ್‌ಪೋರ್ಟೇಶನ್ ಆ್ಯಂಡ್ ಟಿಕೆಟ್ ಸೆಂಟರ್, ಪಾಲಿನೇಶಿಯನ್, ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲ್‌ಗಳು ಎಲ್ಲ ಮುಗಿಸಿಯೇ ಪಾರ್ಕ್ ತಲುಪುವುದು. ಬರುವಾಗ ಮಾತ್ರ ಕಂಟೆಂಪರರಿಯೇ ಮೊದಲ ನಿಲ್ದಾಣ. ಆದ್ದರಿಂದ ಹೋಗುವಾಗ ನಡಿಗೆ, ಸುಸ್ತಾಗಿ ಬರುವಾಗ ಮೋನೊರೈಲ್. ಸಿಡಿಮದ್ದು ಮುಗಿದ ಕೂಡಲೇ ಮೋನೊರೈಲಿಗೆ ಸಾಲು ಬೆಳೆದಿರುತ್ತದೆ, ಆಗ ಮತ್ತೆ ಕಾಲುದಾರಿಯೇ ಸರಿ. ಸಾವಿರಾರು ಜನ ಬಸ್ಸು, ದೋಣಿಗಳ ಸಾಲಿನಲ್ಲಿ ನಿಂತಿರುವಾಗ ನಿದ್ದೆ ಹೋದ ಮಗುವನ್ನು ಸ್ಟ್ರೋಲರ್‌ನಿಂದ (ಮಕ್ಕಳ ತಳ್ಳುಬಂಡಿ) ಎತ್ತದೆ ಕೋಣೆಯವರೆಗೆ ತಳ್ಳಿಕೊಂಡು ಹೋಗುವ ಸುಖ ಬೇರೆ ಯಾವ ಸೌಲಭ್ಯದಿಂದಲೂ ಸಿಗದು.

ಪಾಪ್ ಸೆಂಚುರಿಯಿಂದ ಇಲ್ಲಿಗೆ ಬಸ್ಸೊಂದೇ ದಾರಿ. ಬಸ್ಸು ಸುಮಾರು 20 ನಿಮಿಷಕ್ಕೊಮ್ಮೆ ಬರುತ್ತದೆ. ಕಾಯುವುದೂ ಸೇರಿ ಬಾಗಿಲಿನಿಂದ ಗೇಟಿಗೆ 45 ನಿಮಿಷ ಇಟ್ಟುಕೊಳ್ಳಿ. ಡಿಸ್ನಿ ಬಸ್ಸು ಮ್ಯಾಜಿಕ್ ಕಿಂಗ್‌ಡಮ್ ಗೇಟಿನ ಪಕ್ಕದಲ್ಲೇ ಇಳಿಸುತ್ತದೆ ಎಂಬುದು ದೊಡ್ಡ ಅನುಕೂಲ. ತೊಂದರೆ ರಾತ್ರಿಯದು: ಬಸ್ಸು ತುಂಬಿದ್ದರೆ ಸ್ಟ್ರೋಲರ್ ಮಡಚಬೇಕು, ಮಡಚಬೇಕೆಂದರೆ ಮಗುವನ್ನು ಎಬ್ಬಿಸಬೇಕು. ಇಬ್ಬರು ದೊಡ್ಡವರಿದ್ದರೆ ಸಾಲಿನಲ್ಲಿ ನಿಂತಾಗಲೇ ಕೆಲಸ ಹಂಚಿಕೊಳ್ಳಿ, ಒಬ್ಬರ ಕೈಗೆ ಮಗು, ಇನ್ನೊಬ್ಬರ ಕೈಗೆ ಬಂಡಿ ಮತ್ತು ಚೀಲ. ಬಂಡಿಯ ಕೆಳಬುಟ್ಟಿಯನ್ನು ಮೊದಲೇ ಖಾಲಿ ಮಾಡಿಡಿ. ಮಡಚುವಾಗ ನೀರಿನ ಬಾಟಲಿ ಉರುಳಿ ಬಸ್ಸಿನ ಬಾಗಿಲಲ್ಲಿ ತಡವಾಗುವುದು ಅದರಿಂದಲೇ.

ಬಾಡಿಗೆ ಮನೆಯಿಂದ ಬರುವವರಿಗೆ ಈ ದಿನ ನಿಜಕ್ಕೂ ಕಷ್ಟದ್ದು. ಕಾರನ್ನು ಮ್ಯಾಜಿಕ್ ಕಿಂಗ್‌ಡಮ್ ಬಳಿ ನಿಲ್ಲಿಸಲು ಆಗುವುದಿಲ್ಲ. ಕೆರೆಯ ಆಚೆ ದಡದ ಟಿಕೆಟ್ ಸೆಂಟರ್‌ನಲ್ಲಿ ನಿಲ್ಲಿಸಿ, ಟ್ರ್ಯಾಮ್ ಹತ್ತಿ ಇಳಿದು, ಭದ್ರತಾ ತಪಾಸಣೆ ದಾಟಿ, ಮತ್ತೆ ಮೋನೊರೈಲ್ ಅಥವಾ ದೋಣಿ ಹತ್ತಬೇಕು. ಕಾರು ನಿಲ್ಲಿಸಿದ ಮೇಲೂ ಗೇಟಿಗೆ 30ರಿಂದ 45 ನಿಮಿಷ ಬೇಕು. ಮನೆಯಿಂದ ಹೊರಟ ಹೊತ್ತಿನಿಂದ ಲೆಕ್ಕ ಹಾಕಿದರೆ ಒಂದು ಗಂಟೆ ಮೀರುತ್ತದೆ. ಹಾಗಾಗಿ ಮಧ್ಯಾಹ್ನ ಮನೆಗೆ ಬಂದು ಮಗುವನ್ನು ಮಲಗಿಸಿ ಸಂಜೆ ಮತ್ತೆ ಹೋಗುವ ಯೋಜನೆ ಕೈಗೂಡುವುದಿಲ್ಲ. ಹೊರಗೆ ಉಳಿದವರು ಈ ದಿನವನ್ನು ಎರಡರಲ್ಲಿ ಒಂದು ಥರ ಮಾಡಿಕೊಳ್ಳಬೇಕು: ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮುಗಿಸುವುದು, ಇಲ್ಲವೇ ಮನೆಯಲ್ಲೇ ಮಲಗಿಸಿ ಎಬ್ಬಿಸಿ ನಾಲ್ಕು ಗಂಟೆಗೆ ಹೊರಟು ಸಿಡಿಮದ್ದಿನವರೆಗೆ ಇರುವುದು. ಎರಡನ್ನೂ ಒಂದೇ ದಿನ ಹಿಡಿಯಲು ಹೋದರೆ ರಾತ್ರಿ ಎಂಟಕ್ಕೆ ಮಗುವಿನ ರಂಪ ಖಂಡಿತ.

ಉಳಿದ ಮೂರು ಪಾರ್ಕ್‌ಗಳಲ್ಲಿ ಲೆಕ್ಕ ತಿರುಗುತ್ತದೆ

ಹಾಲಿವುಡ್ ಸ್ಟುಡಿಯೋಸ್, ಎಪ್‌ಕಾಟ್‌ಗಳ ವಿಷಯಕ್ಕೆ ಬಂದರೆ ಪಾಪ್ ಸೆಂಚುರಿಯೇ ಮುಂದು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ಸ್ಕೈಲೈನರ್ ಎಂಬ ತೂಗುಕೇಬಲ್ ಕಾರಿನ ನಿಲ್ದಾಣ ಪಾಪ್ ಸೆಂಚುರಿ ಮತ್ತು ಪಕ್ಕದ ಆರ್ಟ್ ಆಫ್ ಆ್ಯನಿಮೇಶನ್ ಹೋಟೆಲಿನ ನಡುವೆ, ಕೆರೆಯ ಸೇತುವೆಯ ಮೇಲಿದೆ. ಅಲ್ಲಿಂದ ಕ್ಯಾರಿಬಿಯನ್ ಬೀಚ್ ನಿಲ್ದಾಣಕ್ಕೆ ಹೋಗಿ, ಬೇರೆ ಕೇಬಲ್ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎರಡೂ ಪಾರ್ಕ್‌ಗಳಿಗೆ ಹೋಗಬಹುದು. ಒಬ್ಬ ಮಗು ಕೂರುವ ಸಾಮಾನ್ಯ ಸ್ಟ್ರೋಲರ್ ಮಡಚದೆಯೇ ಒಳಗೆ ತಳ್ಳಬಹುದು, ಅಂದರೆ ಮಲಗಿದ ಮಗು ಮಲಗಿಯೇ ಇರುತ್ತದೆ. ಅಕ್ಕಪಕ್ಕ ಇಬ್ಬರು ಕೂರುವ ಅಗಲದ ಬಂಡಿಯನ್ನು ಮಡಚಬೇಕಾಗಿ ಬರಬಹುದು. ಎಪ್‌ಕಾಟ್‌ಗೆ ಹೋದಾಗ ಇಳಿಯುವುದು ಮುಖ್ಯದ್ವಾರದಲ್ಲಲ್ಲ, ಇಂಟರ್‌ನ್ಯಾಷನಲ್ ಗೇಟ್‌ವೇ ಎಂಬ ಹಿಂಬಾಗಿಲಿನಲ್ಲಿ ಎಂಬುದು ನೆನಪಿರಲಿ. ಮುಂಭಾಗದ ಆಟಗಳಿಗೆ ಅಲ್ಲಿಂದ ಇನ್ನಷ್ಟು ನಡಿಗೆ ಇದೆ.

ಸ್ಕೈಲೈನರ್ ಕೈಕೊಡುವುದು ಮಿಂಚು ಬಂದಾಗ. ಫ್ಲಾರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗುಮಳೆ ಹೆಚ್ಚುಕಡಿಮೆ ದಿನಚರಿ, ಅದೂ ನೀವು ಮಗುವನ್ನು ಮಲಗಿಸಲು ಹೊರಡುವ ಹೊತ್ತಿಗೇ. ಸುತ್ತಮುತ್ತ ಮಿಂಚಿದರೆ ಕೇಬಲ್ ನಿಲ್ಲಿಸುತ್ತಾರೆ, ಬದಲಿಗೆ ಬಸ್ಸು ಬಿಡುತ್ತಾರೆ. ಪೆಟ್ಟಿಗೆಗಳಲ್ಲಿ ಎ.ಸಿ. ಇಲ್ಲ. ಚಲಿಸುವಾಗ ಗಾಳಿ ಚೆನ್ನಾಗಿ ಆಡುತ್ತದೆ, ನಡುವೆ ನಿಂತರೆ ಸೆಕೆ ಹತ್ತುತ್ತದೆ. ಕೈಯಲ್ಲಿ ನೀರು, ಒಂದು ಬ್ಯಾಟರಿ ಫ್ಯಾನು ಇರಲಿ. ಮಳೆಗಾಲದ ತಿಂಗಳುಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೊರಟುಬಿಡುವುದು ಒಳ್ಳೆಯದು, ಮೋಡ ಕಟ್ಟಿದ ಮೇಲೆ ಹೊರಟರೆ ಸಾಲಿನಲ್ಲೇ ಸಿಕ್ಕಿಬೀಳುತ್ತೀರಿ.

ಕಂಟೆಂಪರರಿಯಲ್ಲಿ ಉಳಿದವರಿಗೆ ಎಪ್‌ಕಾಟ್ ಎರಡು ಮೋನೊರೈಲ್‌ಗಳ ದಾರಿ, ನಡುವೆ ಟಿಕೆಟ್ ಸೆಂಟರ್‌ನಲ್ಲಿ ಬದಲಾಯಿಸಬೇಕು. ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್‌ಡಮ್‌ಗೆ ಅವರೂ ಬಸ್ಸಿಗೇ ಕಾಯಬೇಕು. ಮೂರು ಪಟ್ಟು ಬಾಡಿಗೆ ಕೊಟ್ಟು ಇಲ್ಲಿಗೆ ಬಸ್ಸಿನಲ್ಲಿ ಹೋಗುವುದರಲ್ಲಿ ಅರ್ಥವಿಲ್ಲ.

ಬಾಡಿಗೆ ಮನೆಯವರು ಗೆಲ್ಲುವುದು ಅನಿಮಲ್ ಕಿಂಗ್‌ಡಮ್‌ನಲ್ಲಿ. ಅಲ್ಲಿ ಪಾರ್ಕಿಂಗ್ ಜಾಗ ಗೇಟಿನ ಎದುರಿಗೇ ಇದೆ. ಹೋಟೆಲಿನವರು ಬಸ್ಸು ಕಾಯುತ್ತಿರುವಾಗ ನೀವು ಕಾರಿನಲ್ಲಿ ನೇರ ತಲುಪಿರುತ್ತೀರಿ. ಪಾರ್ಕಿಂಗ್‌ಗೆ ದಿನದ ಶುಲ್ಕ ಇದೆ, ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಅದು ಉಚಿತ. 2023ರ ಜನವರಿಯಿಂದ ಡಿಸ್ನಿ ಹೋಟೆಲ್‌ಗಳಲ್ಲಿ ರಾತ್ರಿ ಕಾರು ನಿಲ್ಲಿಸಲೂ ದುಡ್ಡಿಲ್ಲ.

ಕೋಣೆಯ ಒಳಗೆ

ಪಾಪ್ ಸೆಂಚುರಿಯ ಕೋಣೆ ಸುಮಾರು 260 ಚದರ ಅಡಿ. ಒಂದು ಕ್ವೀನ್ ಹಾಸಿಗೆ ಯಾವಾಗಲೂ ಇರುತ್ತದೆ. ಇನ್ನೊಂದು ಹಗಲಲ್ಲಿ ಗೋಡೆಯೊಳಗೆ ಸೇರಿಕೊಂಡು ಅದರ ಜಾಗದಲ್ಲಿ ಮೇಜು ನಿಲ್ಲುತ್ತದೆ, ರಾತ್ರಿ ಎಳೆದು ಬೀಳಿಸಿದರೆ ಮೇಜು ಮಾಯ. ಹಗಲು ಮಕ್ಕಳಿಗೆ ಆಡಲು ನೆಲ ಸಿಗುತ್ತದೆ, ಅದು ನಿಜಕ್ಕೂ ಒಳ್ಳೆಯದು. ಆದರೆ ಎಂಟು ಗಂಟೆಗೆ ಮಕ್ಕಳನ್ನು ಮಲಗಿಸಿದ ಮೇಲೆ ದೊಡ್ಡವರು ಕೂತು ಊಟ ಮಾಡಲು ಜಾಗವಿಲ್ಲ, ದೀಪ ಹಾಕುವ ಹಾಗೂ ಇಲ್ಲ. ಕೂಸಿನ ತೊಟ್ಟಿಲ ಮಂಚ ಕೇಳಿದರೆ ಕೊಡುತ್ತಾರೆ, ಅದನ್ನು ಬಿಡಿಸಿದರೆ ಉಳಿದ ನೆಲವೂ ಹೋಯಿತು. ಚಿಕ್ಕ ಫ್ರಿಜ್ ಇದೆ, ಮೈಕ್ರೋವೇವ್ ಕೋಣೆಯಲ್ಲಿಲ್ಲ, ಕೆಳಗಿನ ಫುಡ್ ಕೋರ್ಟಿನಲ್ಲಿದೆ. ರಾತ್ರಿ ಎರಡಕ್ಕೆ ಹಾಲು ಬಿಸಿ ಮಾಡಬೇಕಾದ ಕೂಸಿದ್ದರೆ ಬಾಟಲಿ ಬಿಸಿ ಮಾಡುವ ಸಾಧನ ಜೊತೆಗೇ ಒಯ್ಯಿರಿ.

ಕಂಟೆಂಪರರಿಯ ಟವರ್ ಕೋಣೆ 400 ಚದರ ಅಡಿಯ ಆಸುಪಾಸು, ಎರಡು ಕ್ವೀನ್ ಹಾಸಿಗೆಯ ಜೊತೆ ಒಂದು ಡೇಬೆಡ್ (ಸೋಫಾದಂಥ ಮಂಚ) ಇರುತ್ತದೆ. ಮಕ್ಕಳು ಮಲಗಿದ ಮೇಲೆ ದೊಡ್ಡವರಿಗೆ ಬಾಲ್ಕನಿ ಉಂಟು. ಹತ್ತುವ ವಯಸ್ಸಿನ ಮಗುವಿದ್ದರೆ ಅಲ್ಲಿನ ಕುರ್ಚಿಯನ್ನು ಹೋದ ದಿನವೇ ಒಳಗೆ ತಂದಿಡಿ. ಬುಕ್ ಮಾಡುವಾಗ ಗಾರ್ಡನ್ ವಿಂಗ್ ಎಂದಿದ್ದರೆ ಅದು ಟವರ್ ಅಲ್ಲ, ಪಕ್ಕದ ಬೇರೆ ಕಟ್ಟಡ. ಬೆಲೆ ಕಡಿಮೆ, ಮೋನೊರೈಲಿಗೆ ನಡಿಗೆ ಜಾಸ್ತಿ. ನಮ್ಮ ಲೆಕ್ಕದಲ್ಲಿ ಅದು ಮೋಸವಲ್ಲ, ಏಕೆಂದರೆ ಕಾಲುದಾರಿ ಅವರಿಗೂ ಸಿಗುತ್ತದೆ.

ಐದಾರು ಜನರಿದ್ದರೆ ಆರ್ಟ್ ಆಫ್ ಆ್ಯನಿಮೇಶನ್‌ನ ಫ್ಯಾಮಿಲಿ ಸೂಟ್ ನೋಡಬಹುದು. 565 ಚದರ ಅಡಿ, ಆರು ಜನಕ್ಕೆ ಮಲಗಲು ಜಾಗ, ಎರಡು ಬಚ್ಚಲು, ಮೈಕ್ರೋವೇವ್. ಬೆಳಿಗ್ಗೆ ಏಳಕ್ಕೆ ಹೊರಡಬೇಕಾದಾಗ ಎರಡನೇ ಬಚ್ಚಲಿನ ಬೆಲೆ ಅರ್ಥವಾಗುತ್ತದೆ. ಅಲ್ಲಿನ ಬಿಗ್ ಬ್ಲೂ ಕೊಳದ ಒಂದು ಬದಿ ಸಮುದ್ರತೀರದಂತೆ ಇಳಿಜಾರಾಗಿ ಶುರುವಾಗುವುದರಿಂದ ತೆವಳುವ ಮಗುವಿಗೂ ಸರಿಹೊಂದುತ್ತದೆ. ಅದೇ ಹೋಟೆಲಿನ ಲಿಟ್ಲ್ ಮರ್ಮೇಡ್ ಕೋಣೆಗಳು ಸೂಟ್ ಅಲ್ಲ, ಲಾಬಿಯಿಂದಲೂ ಸ್ಕೈಲೈನರ್‌ನಿಂದಲೂ ದೂರ.

ಜಾಗದ ಮಾತು ಬಂದರೆ ಬಾಡಿಗೆ ಮನೆಗೆ ಸಾಟಿಯಿಲ್ಲ. ಮಕ್ಕಳಿಗೆ ಬೇರೆ ಕೋಣೆ, ಬಟ್ಟೆ ಒಗೆಯುವ ಯಂತ್ರ, ಅಡುಗೆಮನೆ, ಜೊತೆಗೆ ಅಜ್ಜ ಅಜ್ಜಿ ಬಂದರೂ ಇಕ್ಕಟ್ಟಿಲ್ಲ. ಡಿಸ್ನಿ ಪಾರ್ಕ್‌ಗಳ ಒಳಗೆ ಮನೆಯ ತಿಂಡಿ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಡಬ್ಬ ಮತ್ತು ಬಿಡಿ ಮಂಜುಗಡ್ಡೆ ಬೇಡ, ಐಸ್ ಪ್ಯಾಕ್ ಸಾಕು. ಖಾರ ತಿನ್ನದ, ಹೊರಗಿನದು ಮುಟ್ಟದ ಮಗುವಿಗೆ ಬೆಳಿಗ್ಗೆ ಕಲಸಿದ ಮೊಸರನ್ನ ಡಬ್ಬದಲ್ಲಿದ್ದರೆ ಮಧ್ಯಾಹ್ನದ ಅರ್ಧ ಜಗಳ ಇರುವುದಿಲ್ಲ.

ಮನೆಯ ಹಿಂದಿನ ಈಜುಕೊಳದ ವಿಷಯದಲ್ಲಿ ಮಾತ್ರ ಸಡಿಲಬೇಡಿ. ಹೋಟೆಲಿನ ಮುಖ್ಯ ಕೊಳದ ಬಳಿ ಜೀವರಕ್ಷಕರಿರುತ್ತಾರೆ, ಇಲ್ಲಿ ಯಾರೂ ಇಲ್ಲ. ಫ್ಲಾರಿಡಾದ ಕಾಯಿದೆ 2000ದಿಂದ ಹೊಸ ಕೊಳಗಳಿಗೆ ಬೇಲಿ, ಬಾಗಿಲ ಅಲಾರಂ ಮುಂತಾದ ಒಂದಾದರೂ ರಕ್ಷಣೆ ಇರಬೇಕು ಎನ್ನುತ್ತದೆ. ಆದರೆ ಹಿಂದಿನ ಬಾಡಿಗೆದಾರರು ಅಲಾರಂನ ಬ್ಯಾಟರಿ ತೆಗೆದಿರುವುದು, ಬೇಲಿ ಕಳಚಿ ಮೂಲೆಯಲ್ಲಿ ಸುತ್ತಿಟ್ಟಿರುವುದು ಉಂಟು. ಸಾಮಾನು ಇಳಿಸುವ ಮೊದಲು ಕೊಳದ ಕಡೆಯ ಪ್ರತಿ ಬಾಗಿಲನ್ನೂ ತೆರೆದು ಅಲಾರಂ ಕೂಗುತ್ತದೆಯೇ ನೋಡಿ. ಜಾರುಬಾಗಿಲಿನ ಚಿಲಕ ಮಗುವಿನ ಕೈಗೆ ಎಟಕುವಂತಿದ್ದರೆ ಕೆಳಗಿನ ಹಳಿಯಲ್ಲಿ ಅಡ್ಡಕೋಲು ಇಡಿ. ಚಳಿಗಾಲದಲ್ಲಿ ಕೊಳದ ನೀರು ಬಿಸಿ ಮಾಡಿಸಲು ಬೇರೆ ದುಡ್ಡು, ಅದನ್ನೂ ಮುಂಚಿತವಾಗಿ ಹೇಳಬೇಕು. ಸ್ವಚ್ಛತೆಯ ಶುಲ್ಕ ಒಂದೇ ಸಲ ಬೀಳುವುದರಿಂದ ಎರಡು ರಾತ್ರಿಗೆ ಮನೆ ದುಬಾರಿ, ಒಂದು ವಾರಕ್ಕೆ ಅಗ್ಗ.

ಹೋಟೆಲಿನವರಿಗೆ ಮಾತ್ರ ಸಿಗುವುದು

ಡಿಸ್ನಿ ಹೋಟೆಲಿನಲ್ಲಿ ಉಳಿದವರನ್ನು ನಾಲ್ಕೂ ಪಾರ್ಕ್‌ಗಳಿಗೆ ಪ್ರತಿದಿನ 30 ನಿಮಿಷ ಮೊದಲೇ ಬಿಡುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆ ಹೊತ್ತಿಗೆ ತೆರೆಯುವುದು ಫ್ಯಾಂಟಸಿಲ್ಯಾಂಡ್, ಟುಮಾರೋಲ್ಯಾಂಡ್ ಆಟಗಳು. ಪೀಟರ್ ಪ್ಯಾನ್ ಆಟಕ್ಕೆ ಹಗಲಿನಲ್ಲಿ ಉದ್ದ ಸಾಲು, ಆದ್ದರಿಂದ ಮೊದಲು ಅಲ್ಲಿಗೆ ಹೋಗಿ. ಪಾಪ್ ಸೆಂಚುರಿಯವರಿಗೂ ಕಂಟೆಂಪರರಿಯವರಿಗೂ ಈ ಹಕ್ಕು ಸಮಾನ. ಕೆಲವು ರಾತ್ರಿ ಎರಡು ಗಂಟೆ ಹೆಚ್ಚು ಉಳಿಯುವ ಅವಕಾಶ ಮಾತ್ರ ಡೀಲಕ್ಸ್ ವರ್ಗಕ್ಕೆ ಮೀಸಲು. ಹತ್ತು ದಾಟಿದ ಮಕ್ಕಳಿದ್ದರೆ ಅದು ಚಿನ್ನದಂಥ ಸಮಯ, ನಾಲ್ಕು ವರ್ಷದ ಮಗುವಿದ್ದರೆ ಅದಕ್ಕಾಗಿ ದುಡ್ಡು ಸುರಿಯಬೇಡಿ.

ದುಡ್ಡು ಕೊಟ್ಟು ಪಡೆಯುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸನ್ನು (ಆಟಗಳ ಉದ್ದ ಸಾಲು ತಪ್ಪಿಸುವ ಪಾಸು) ಹೋಟೆಲಿನವರು 7 ದಿನ ಮೊದಲು ತಮ್ಮ ಇಡೀ ವಾಸ್ತವ್ಯಕ್ಕೆ ಕಾದಿರಿಸಬಹುದು, ಹೊರಗಿನವರು 3 ದಿನ ಮೊದಲು. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ, ಆದರೆ ಬೇಗ ಒಳಹೋಗುವ ಹಕ್ಕು ಬಂದ ದಿನ ಬೆಳಿಗ್ಗೆಯಿಂದಲೇ ಇದೆ, ಕೋಣೆ ಬಿಡುವ ದಿನವೂ ಇದೆ. ವಿಮಾನ ನಿಲ್ದಾಣದಿಂದ ಡಿಸ್ನಿ ಬಿಡುತ್ತಿದ್ದ ಉಚಿತ ಬಸ್ಸು 2022ರ ಆರಂಭದಲ್ಲೇ ನಿಂತಿದೆ. ಹಳೆಯ ಸಲಹೆ ನಂಬಿ ನಿಲ್ದಾಣದಲ್ಲಿ ಹುಡುಕಬೇಡಿ. ಕಾರು ಹಿಡಿದರೆ ಫ್ಲಾರಿಡಾದಲ್ಲಿ 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ.

ಯಾರಿಗೆ ಯಾವುದು

ಮೂರು ವರ್ಷದೊಳಗಿನ ಮಗು ಇದ್ದು, ಎರಡು ಮೂರು ರಾತ್ರಿಯಷ್ಟೇ ಉಳಿಯುವುದಾದರೆ ಕಂಟೆಂಪರರಿ. ಅಷ್ಟು ಚಿಕ್ಕ ಮಗುವಿಗೆ ಪಾರ್ಕಿನ ಟಿಕೆಟ್ ಬೇಡ, ಆ ಉಳಿತಾಯವನ್ನು ಕೋಣೆಗೆ ಹಾಕಿ. ನಾಲ್ಕರಿಂದ ಒಂಬತ್ತರ ಮಕ್ಕಳು, ನಾಲ್ಕು ಜನರ ಕುಟುಂಬ, ನಾಲ್ಕೂ ಪಾರ್ಕ್ ನೋಡುವ ಆಸೆ: ಪಾಪ್ ಸೆಂಚುರಿಗೆ ನಮ್ಮ ಮತ. ಎರಡು ಕುಟುಂಬ ಸೇರಿ ಒಂದು ವಾರ ಇದ್ದು, ಅದರಲ್ಲಿ ಪಾರ್ಕಿಗೆ ಮೂರು ದಿನ ಮಾತ್ರ ಹೋಗುವವರಿಗೆ ಬಾಡಿಗೆ ಮನೆ.

ಕಂಟೆಂಪರರಿ ಮತ್ತು ಪಾಪ್ ಸೆಂಚುರಿಯನ್ನು ಒಂದೇ ಪ್ರವಾಸದಲ್ಲಿ ಜೋಡಿಸುವ ದಾರಿಯೂ ಇದೆ. ಮ್ಯಾಜಿಕ್ ಕಿಂಗ್‌ಡಮ್ ದಿನಗಳಿಗೆ ಎರಡು ರಾತ್ರಿ ಕಂಟೆಂಪರರಿ, ಸ್ಟುಡಿಯೋಸ್ ಮತ್ತು ಎಪ್‌ಕಾಟ್‌ಗೆ ಆಮೇಲಿನ ರಾತ್ರಿಗಳು ಪಾಪ್ ಸೆಂಚುರಿ. ಬೆಳಿಗ್ಗೆ ಹೋಟೆಲಿನಲ್ಲಿ ಸಾಮಾನು ನೋಡಿಕೊಳ್ಳುವ ಬೆಲ್ ಸರ್ವಿಸಸ್‌ಗೆ ಪೆಟ್ಟಿಗೆ ಒಪ್ಪಿಸಿದರೆ ಒಂದು ಡಿಸ್ನಿ ಹೋಟೆಲಿನಿಂದ ಇನ್ನೊಂದಕ್ಕೆ ಅವರೇ ಸಾಗಿಸುತ್ತಾರೆ, ನೀವು ನೇರ ಪಾರ್ಕಿಗೆ ಹೋಗಬಹುದು. ಪೆಟ್ಟಿಗೆಗಳು ಮಧ್ಯಾಹ್ನದ ನಂತರವೇ ಕೈಗೆ ಸಿಗುವುದರಿಂದ ಜ್ವರದ ಔಷಧಿ, ಡಯಾಪರ್, ಒಂದು ಜೊತೆ ಬಟ್ಟೆ, ಈಜುಡುಗೆ, ಮತ್ತು ಮಗು ಬಿಟ್ಟಿರಲಾರದ ಗೊಂಬೆ ಇವಿಷ್ಟನ್ನು ಸ್ಟ್ರೋಲರ್‌ನ ಚೀಲದಲ್ಲೇ ಇಟ್ಟುಕೊಂಡು ಹೊರಡಿ.