ಸಿಂಕ್ ಕೂರಿಸುವ ಮೊದಲು ಹಲಗೆಯ ಅಂಚನ್ನು ನೋಡಿ

ಉಡುಪಿ, ಮಂಗಳೂರು ಕಡೆ ಹೊಸದಾಗಿ ಅಡುಗೆಮನೆ ಮಾಡಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ‘ವಾಟರ್‌ಪ್ರೂಫ್’ ಎಂದು ನಮಗೆ ಮಾರಿದ ಅಡುಗೆ ಕಟ್ಟೆಯ ಹಲಗೆ ಎರಡನೇ ಮಳೆಗಾಲಕ್ಕೇ ಉಬ್ಬಿಹೋಯಿತು.

ಉಡುಪಿಯ ನಮ್ಮ ಫ್ಲಾಟಿಗೆ ಕಟ್ಟೆ ಮಾಡಿಕೊಟ್ಟವರು, “ಅಕ್ಕಾ, ನೀರು ತಾಗಿದರೂ ಇದಕ್ಕೇನೂ ಆಗುವುದಿಲ್ಲ” ಎಂದು ಅದರ ಮೇಲೆ ನೀರು ಸುರಿದೇ ತೋರಿಸಿದ್ದರು. ಮೇಲಿನ ಲ್ಯಾಮಿನೇಟ್ ಹಾಳೆಗೆ ಇಂದಿಗೂ ಏನೂ ಆಗಿಲ್ಲ. ಕೆಟ್ಟಿದ್ದು ಅದರ ಅಡಿಯ ಪಾರ್ಟಿಕಲ್ ಬೋರ್ಡ್. ಕುಚ್ಚಲಕ್ಕಿ ಗಂಜಿ ಬಸಿಯುವ ಸಿಂಕಿನ ಬದಿಯಲ್ಲಿ ಮೊದಲು ಉಬ್ಬು ಕಾಣಿಸಿತು, ಆಮೇಲೆ ಕಪಾಟಿನೊಳಗಿಂದ ಮುಗ್ಗಲು ವಾಸನೆ.

ದೂರು ಕೊಟ್ಟಾಗ ಅವರ ಕಡೆಯವನು ಬಂದು ಸಿಂಕಿನ ಸುತ್ತ ಸಂದು ಮುಚ್ಚುವ ಸಿಲಿಕೋನ್ ಅಂಟು ಬಳಿದು ಹೋದ. ನನಗೆ ಹೆಚ್ಚು ಸಿಟ್ಟಿರುವುದು ಇದರ ಮೇಲೆಯೇ. ಒದ್ದೆಯಾದ ಹಲಗೆಯನ್ನು ಒಣಗಿಸದೆ ಮುಚ್ಚಿದರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಆಷಾಢದಲ್ಲಿ ನಮ್ಮೂರಿನಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ. ಕೊನೆಗೆ ನಾವು ಬೇರೆ ಆಚಾರಿಯವರನ್ನು ಕರೆಸಿ ಸಿಂಕ್ ತೆಗೆಸಿದೆವು. ಸಿಂಕಿಗಾಗಿ ಕತ್ತರಿಸಿದ ಹಲಗೆಯ ಅಂಚು ಬೋಳಾಗಿತ್ತು, ನೀರು ಒಳಗಿಳಿದದ್ದು ಅಲ್ಲಿಂದಲೇ. ಬಣ್ಣವಿಲ್ಲ, ಪಟ್ಟಿಯಿಲ್ಲ, ಏನೂ ಇಲ್ಲ. ಹಲಗೆ ನೆನೆಸಿದ ಅವಲಕ್ಕಿಯಂತೆ ಬೆರಳಿಗೆ ಬಂತು.

ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ನೀರು ಕುಡಿದ ಚೂರು ಹಿಗ್ಗುತ್ತದೆ, ಅಂಟಿನ ಹಿಡಿತ ಬಿಡುತ್ತದೆ. ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಉಜ್ಜಿ ಸಮ ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಹಣ ಕೊಡಬೇಡಿ. ಉಬ್ಬಿದ ಭಾಗವನ್ನು ಬದಲಿಸುವುದೇ ದಾರಿ.

ಪ್ಲೈವುಡ್ ಎಂದಾಕ್ಷಣ ನೆಮ್ಮದಿಯಿಂದ ಇರಬೇಡಿ. ‘ಎಂಆರ್’ (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆಯದು ಗಾಳಿಯ ತೇವವನ್ನಷ್ಟೇ ತಡೆಯುತ್ತದೆ, ನಿಂತ ನೀರನ್ನಲ್ಲ. ಸಿಂಕಿನ ಬಳಿಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ ಮರೈನ್ ಪ್ಲೈವುಡ್ಡನ್ನೇ ಕೇಳಿ. ಅದನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಅದರ ಅಂಚಿಗೂ ಲೇಪ ಬೇಕು. ಸಿಂಕ್ ಇಡುವ ದಿನ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ನೋಡಿ, ಆ ಅಂಚಿನ ಫೋಟೋ ತೆಗೆದಿಡಿ. ಬಜೆಟ್ ಇದ್ದರೆ ಕಟ್ಟೆಗೆ ಗ್ರಾನೈಟನ್ನೇ ಹಾಕಿಸಿ. ನಾವು ಈಗ ಹಾಕಿಸಿದ್ದೂ ಅದನ್ನೇ.

ನಮ್ಮ ಬಿಲ್ಲಿನಲ್ಲಿ ‘ಕಿಚನ್ ಕೆಲಸ’ ಎಂದಷ್ಟೇ ಇತ್ತು, ಹಾಗಾಗಿ ಅಂಗಡಿಯವರು “ನೀವೇ ನೀರು ಜಾಸ್ತಿ ಚೆಲ್ಲಿದ್ದೀರಿ” ಎಂದು ಕೈ ತೊಳೆದುಕೊಂಡರು. ಹಲಗೆಯ ಹೆಸರು, ದರ್ಜೆ, ದಪ್ಪ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈಗಾಗಲೇ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಹಾಳಾದ ಹಲಗೆಯ ಒಂದು ತುಂಡನ್ನು ಎಸೆಯದೆ ಇಟ್ಟುಕೊಳ್ಳಿ.