ಮುಟ್ಟಿದರೆ ಮುನಿಗೂ ಗುಲಾಬಿ ಗುರುತು: ಐನ್ಯಾಚುರಲಿಸ್ಟ್ ಆ್ಯಪ್ ಬಳಸುವವರಿಗೆ

ಫೋಟೋ ತೆಗೆದರೆ ಗಿಡದ್ದೋ ಹುಳದ್ದೋ ಹೆಸರು ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ನನಗೆ ಬರೀ ಹೆಸರು ಸಾಲದು. ಈ ಜೀವಿ ಇಲ್ಲಿಯದೇ, ಹೊರಗಿನಿಂದ ಬಂದು ನೆಲೆಯೂರಿದ್ದೇ, ಬಂದಿದ್ದರೆ ಇಲ್ಲಿ ಏನು ಮಾಡುತ್ತಿದೆ ಎನ್ನುವುದೂ ಬೇಕು. ಮೊದಲೆರಡು ಪ್ರಶ್ನೆಗೆ ಐನ್ಯಾಚುರಲಿಸ್ಟ್ ಚೆನ್ನಾಗಿ ಒದಗುತ್ತದೆ. ಮೂರನೆಯದಕ್ಕೆ ನೀವೇ ಕೂತು ಓದಬೇಕು.

2008ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು ಇದು. 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ. ಬಳಸುವುದಕ್ಕೆ ದುಡ್ಡಿಲ್ಲ, ಜಾಹೀರಾತಿನ ಕಾಟವೂ ಇಲ್ಲ.

ಫೋಟೋ ಹಾಕಿದ ಕೂಡಲೇ ಕಂಪ್ಯೂಟರ್ ಒಂದಿಷ್ಟು ಹೆಸರು ಸೂಚಿಸುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ ಅನ್ನುವುದೇ ಇದರ ಹೆಚ್ಚುಗಾರಿಕೆ. ಗೊತ್ತಿರುವವರು ಬಂದು ನೋಡುತ್ತಾರೆ, ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಜಾಗ, ದಿನಾಂಕ ಸರಿಯಾಗಿದ್ದು, ಹೆಸರು ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ಆ ದಾಖಲೆ ಸಂಶೋಧನೆಗೆ ಯೋಗ್ಯ ಎನಿಸಿಕೊಳ್ಳುತ್ತದೆ. ನನ್ನ ತರಗತಿಯ ಹುಡುಗಿಯೊಬ್ಬಳು ತೆಗೆದ ಜೀರುಂಡೆಯ ಚಿತ್ರವನ್ನು ಎಲ್ಲೋ ಕೂತ ಜೀರುಂಡೆ ತಜ್ಞರು ನೋಡಿ ಎರಡು ಸಾಲು ಬರೆಯುತ್ತಾರೆ. ಪಠ್ಯಪುಸ್ತಕದಿಂದ ಇದನ್ನು ಕೊಡಲು ನನ್ನಿಂದಾಗದು.

ಇನ್ನು ನನಗೆ ಮುಖ್ಯವಾದ ಗುರುತಿನ ಮಾತು. ಒಂದು ಪ್ರಭೇದ ನೀವಿರುವ ಜಾಗಕ್ಕೆ ಹೊರಗಿನದಾದರೆ ಹೆಸರಿನ ಪಕ್ಕ ಗುಲಾಬಿ ಬಣ್ಣದ ಗುರುತು ಬರುತ್ತದೆ. ಈ ಗುರುತನ್ನು ಜೀವಿಗೆ ಅಂಟಿಸಿಲ್ಲ, ಜೀವಿ ಮತ್ತು ಜಾಗದ ಜೋಡಿಗೆ ಅಂಟಿಸಿದ್ದಾರೆ. ಇದು ತುಂಬಾ ಸರಿಯಾದ ಕೆಲಸ. ಲಂಟಾನ ಅಮೆರಿಕದ ಉಷ್ಣವಲಯದಲ್ಲಿ ಮನೆಯ ಗಿಡ, ಆಸ್ಟ್ರೇಲಿಯಾದಲ್ಲಿ ಹೊರಗಿನದು. ಅಮೆರಿಕದ ಉಷ್ಣವಲಯದ್ದೇ ಆದ ಕೇನ್ ಟೋಡ್ ಕಪ್ಪೆಯನ್ನು 1935ರಲ್ಲಿ ಕಬ್ಬಿನ ಹುಳ ತಿನ್ನಲಿ ಎಂದು ಆಸ್ಟ್ರೇಲಿಯಾಕ್ಕೆ ತಂದು ಬಿಟ್ಟರು. ಹುಳ ಕಡಿಮೆಯಾಗಲಿಲ್ಲ, ಅದರ ವಿಷದ ಪರಿಚಯವೇ ಇಲ್ಲದ ಅಲ್ಲಿಯ ಉಡ, ಕ್ವೋಲ್ ಎಂಬ ಸಣ್ಣ ಬೇಟೆಪ್ರಾಣಿಗಳು ಅದನ್ನು ತಿಂದು ಸತ್ತವು. ಕಪ್ಪೆ ಅದೇ, ಜಾಗ ಬೇರೆ. ನಕ್ಷೆ ತೆರೆದು ತೋರಿಸಿದರೆ ಮಕ್ಕಳಿಗೆ ತಕ್ಷಣ ಹತ್ತುತ್ತದೆ.

ಆದರೆ ಗುಲಾಬಿ ಬಣ್ಣ ಕಂಡ ಕೂಡಲೇ ಕೈ ಮುಂದಾಗುತ್ತದೆ. ಮುಟ್ಟಿದರೆ ಮುನಿಯ ಫೋಟೋ ಹಾಕಿದ ಹುಡುಗನೊಬ್ಬ ಆ ಗುರುತು ನೋಡಿ, “ಮಿಸ್, ಇದೂ ಹೊರಗಿಂದು! ಕಿತ್ತು ಹಾಕೋಣ್ವಾ?” ಅಂದ. ಮುಟ್ಟಿದರೆ ಮುನಿ ಹುಟ್ಟಿದ್ದು ಅಮೆರಿಕದ ಉಷ್ಣವಲಯದಲ್ಲಿ, ಗುರುತಿನಲ್ಲಿ ತಪ್ಪಿಲ್ಲ. ಅದರದೇ ಕುಲದ ಮಿಮೋಸಾ ಪಿಗ್ರಾದ ಪುಟವನ್ನು ನಾನು ಪಕ್ಕದಲ್ಲಿ ತೆರೆದೆ. ಅದೂ ಅಲ್ಲಿಯದೇ. ಉತ್ತರ ಆಸ್ಟ್ರೇಲಿಯಾದಲ್ಲಿ ಅದರ ಕಾಯಿಯ ತುಂಡುಗಳು ನೆರೆನೀರಿನಲ್ಲಿ ತೇಲಿಕೊಂಡು ಹೋಗಿ, ಹುಲ್ಲು ಜೊಂಡು ಬೆಳೆಯುತ್ತಿದ್ದ ಬಯಲನ್ನೆಲ್ಲ ಆಳೆತ್ತರ ಮೀರಿದ ಮುಳ್ಳುಪೊದೆ ಮಾಡಿಬಿಟ್ಟವು. ಅದು ದಟ್ಟವಾಗಿ ಕವಿದ ಕಡೆ ನೆಲದ ಸಸ್ಯಗಳು ಕಡಿಮೆ, ಹಕ್ಕಿ ಹಲ್ಲಿಗಳೂ ಕಡಿಮೆ. ಎರಡು ಗಿಡಕ್ಕೂ ಆ್ಯಪ್ ಕೊಡುವುದು ಒಂದೇ ಗುಲಾಬಿ ಗುರುತು.

ಇದು ಸಣ್ಣ ಕೊರತೆಯಲ್ಲ. ಜೀವವೈವಿಧ್ಯ ಕುರಿತ ಅಂತರ್‌ಸರ್ಕಾರಿ ವೇದಿಕೆ ಐಪಿಬಿಇಎಸ್‌ನ 2023ರ ವರದಿ ಪ್ರಕಾರ, ಮನುಷ್ಯರಿಂದಾಗಿ ಹೊಸ ಜಾಗಗಳಲ್ಲಿ ನೆಲೆಯೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು. ಹಾವಳಿ ಮಾಡುತ್ತಿರುವ ಆಕ್ರಮಣಕಾರಿಗಳು 3,500ಕ್ಕೂ ಹೆಚ್ಚು. ಅಂದರೆ ಸುಮಾರು ಹತ್ತರಲ್ಲಿ ಒಂದು. ಆ ಒಂದು ಪಾಲಿನ ಹೊಡೆತ ಎಷ್ಟೆಂದರೆ, ದಾಖಲಾದ ಅಳಿವುಗಳಲ್ಲಿ ಶೇ 60ರಷ್ಟರಲ್ಲಿ ಅದರ ಕೈವಾಡವಿದೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಹೊತ್ತಿಗೆ ಸರಕಿನ ಜೊತೆ ಬಂದ ಕಂದು ಮರಹಾವು ಅಲ್ಲಿಯ ಕಾಡುಹಕ್ಕಿಗಳನ್ನು ಹೆಚ್ಚುಕಡಿಮೆ ಖಾಲಿ ಮಾಡಿತು. ಹಕ್ಕಿ ಹೋದ ಮೇಲೆ ಹಣ್ಣು ತಿಂದು ಬೀಜ ಹರಡುವವರಿಲ್ಲ, ಜೇಡ ತಿನ್ನುವವರೂ ಇಲ್ಲ, ಕಾಡಿನಲ್ಲಿ ಜೇಡರಬಲೆ ವಿಪರೀತ ಹೆಚ್ಚಿತು. ಇಂಥ ಸರಪಳಿ ಗುರುತಿನೊಳಗೆ ಕಾಣುವುದಿಲ್ಲ. ಪ್ರಭೇದದ ಪುಟದಲ್ಲಿ ವಿಕಿಪೀಡಿಯದಿಂದ ತಂದ ಪರಿಚಯವಿರುತ್ತದೆ, ಅದನ್ನು ಓದದೆ ಏನನ್ನೂ ಕೀಳಬೇಡಿ ಎಂದು ನನ್ನ ತರಗತಿಯಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ.

ಸ್ಥಳೀಯ ಅಂದಮಾತ್ರಕ್ಕೆ ನಿಶ್ಚಿಂತೆ ಅಂತಲೂ ಇಲ್ಲ. ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನು ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಹವಳದಿಬ್ಬಗಳಲ್ಲೇ ಹುಟ್ಟಿ ಬೆಳೆದದ್ದು. ಸಂಖ್ಯೆ ಏಕಾಏಕಿ ಏರಿದಾಗ ದಿಬ್ಬಕ್ಕೆ ದಿಬ್ಬದ ಹವಳವನ್ನೇ ತಿಂದು ಬಿಳಿ ಅಸ್ಥಿಪಂಜರವಷ್ಟೇ ಉಳಿಸುತ್ತದೆ.

ಹೊಸಬರಿಗೆ ಎರಡು ಎಚ್ಚರಿಕೆ. ಗುರುತು ಬರುವುದು ಆಯಾ ಸ್ಥಳದ ಪಟ್ಟಿಯಲ್ಲಿ ಯಾರಾದರೂ ಅದನ್ನು ತುಂಬಿದ್ದರೆ ಮಾತ್ರ. ಗುರುತಿಲ್ಲ ಎಂದರೆ ಸ್ಥಳೀಯ ಎಂದು ಓದಿಕೊಳ್ಳಬೇಡಿ. ಇನ್ನೊಂದು, ನೆಟ್ಟ ಗಿಡ, ಸಾಕಿದ ಪ್ರಾಣಿಗೆ ಬೇರೆ ಆಯ್ಕೆಯಿದೆ, ತಪ್ಪದೆ ಅದನ್ನು ಒತ್ತಿ. ಕುಂಡದಲ್ಲಿರುವ ಗಿಡವನ್ನು ಕಾಡಿನದ್ದೆಂದು ಹಾಕಿದರೆ, ಯಾವ ಗಿಡ ತೋಟದಿಂದ ತಪ್ಪಿಸಿಕೊಂಡು ಎಲ್ಲಿ ಹಬ್ಬುತ್ತಿದೆ ಎಂದು ಹುಡುಕುವವರ ನಕ್ಷೆ ಕೆಡುತ್ತದೆ. ಅಪಾಯದಂಚಿನ ಪ್ರಭೇದಗಳ ಜಾಗವನ್ನು ಆ್ಯಪ್ ತಾನೇ ಮಸುಕು ಮಾಡುತ್ತದೆ, ಆ ಚಿಂತೆ ಬೇಡ.

ಚಿಕ್ಕ ಮಕ್ಕಳಿಗೆ ಇದೇ ಸಂಸ್ಥೆಯ ಸೀಕ್ ಎಂಬ ಆ್ಯಪ್ ಹಾಕಿಕೊಡಿ. ಖಾತೆ ಬೇಡ, ಕ್ಯಾಮೆರಾ ಹಿಡಿದರೆ ಸಾಕು. ಅಲ್ಲಿ ತಿದ್ದುವ ಜನ ಇರುವುದಿಲ್ಲ, ಹಾಗಾಗಿ ಒಂಬತ್ತು, ಹತ್ತನೇ ತರಗತಿಯವರನ್ನು ನಾನು ಐನ್ಯಾಚುರಲಿಸ್ಟ್‌ಗೇ ಕೂರಿಸುತ್ತೇನೆ. ಹೂವು, ಎಲೆಯ ಹಿಂಬದಿ, ಕಾಂಡ ಮೂರನ್ನೂ ಬೇರೆ ಬೇರೆಯಾಗಿ ತೆಗೆದು ಒಂದೇ ದಾಖಲೆಗೆ ಸೇರಿಸಿದರೆ ಉತ್ತರ ಬೇಗ ಬರುತ್ತದೆ.